ಮಕ್ಕಳ ಮ್ಯೂಸಿಯಂಗೆ ಎಲ್ಲ ಮಕ್ಕಳೂ ಬರಬೇಕಾದರೆ: ಹಾಸನ, ಚಿಕ್ಕಮಗಳೂರಿನವರಿಗೆ ಮಾರ್ಗದರ್ಶಿ

"ಹಳೇ ಮನೆಯೊಂದನ್ನು ಮಕ್ಕಳ ಮ್ಯೂಸಿಯಂ ಮಾಡ್ತಿದ್ದೀವಿ. ರ‍್ಯಾಂಪ್ ಹಾಕಿಸಿದ್ರೆ ಸಾಕಲ್ವಾ?" ಹಾಸನ, ಚಿಕ್ಕಮಗಳೂರು ಕಡೆಯ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಜಾಗ ಶಾಲೆಯ ಖಾಲಿ ಕೊಠಡಿ ಇರಬಹುದು, ಗ್ರಂಥಾಲಯದ ಹಿಂಭಾಗ ಇರಬಹುದು, ಎಸ್ಟೇಟಿನ ಹಳೇ ಬಂಗಲೆ ಇರಬಹುದು. ಪ್ರಶ್ನೆ ಮಾತ್ರ ಇದೇ.

ಸಾಕಾಗಲ್ಲ. ರ‍್ಯಾಂಪ್ ಹತ್ತಿ ಒಳಗೆ ಬಂದ ಮಗುವಿಗೆ ತಲೆಗಿಂತ ಎತ್ತರದ ಗಾಜಿನ ಪೆಟ್ಟಿಗೆ, ಅದರ ಮೇಲೊಂದು 'ಮುಟ್ಟಬೇಡಿ' ಚೀಟಿ ಎದುರಾದರೆ ರ‍್ಯಾಂಪ್ ಇದ್ದೂ ಏನು ಬಂತು? ಕಣ್ಣು ಕಾಣದ ಮಗುವಿಗೆ ಆ ಗಾಜಿನೊಳಗೆ ಏನೂ ಇಲ್ಲ. ಕಿವಿ ಕೇಳದ ಮಗುವಿಗೆ ಗೈಡ್ ಹೇಳುವ ಕಥೆ ಇಲ್ಲ. ಗದ್ದಲಕ್ಕೆ ಬೆದರುವ ಮಗು ಹತ್ತು ನಿಮಿಷದಲ್ಲಿ ಅಳುತ್ತಾ ಹೊರಗೆ ಹೋಗುತ್ತದೆ. ಹಾಗಾಗಿ ಮನೆಯಿಂದ ಹೊರಟ ಮಗು ಮ್ಯೂಸಿಯಂ ನೋಡಿ ವಾಪಸ್ಸು ಹೋಗುವ ತನಕ ಏನೇನು ಆಗುತ್ತದೋ ಅದೇ ಕ್ರಮದಲ್ಲಿ ಈ ಹಂತಗಳನ್ನು ಬರೆದಿದ್ದೇನೆ. ಎರಡು ಮೂರು ಕೋಣೆಯ ಚಿಕ್ಕ ಮ್ಯೂಸಿಯಂ ಮನಸ್ಸಿನಲ್ಲಿಟ್ಟುಕೊಂಡು ಓದಿ.

ಶುರು ಮಾಡುವ ಮೊದಲು

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಅಳತೆ ಟೇಪು, ರಸಮಟ್ಟ, ಒಂದು ನೋಟ್‌ಬುಕ್, ಎರಡು ದಿನಕ್ಕೆ ಎರವಲು ತಂದ ಗಾಲಿಕುರ್ಚಿ. ಜೊತೆಗೆ ಕೇಂದ್ರ ಸರ್ಕಾರ 2021ರಲ್ಲಿ ಹೊರತಂದ ಸಾರ್ವತ್ರಿಕ ಪ್ರವೇಶ ಮಾನದಂಡಗಳ ಪುಸ್ತಕ. ಅದು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಕೆಳಗಿನ ಬಹುತೇಕ ಅಳತೆಗಳು ಅದರವೇ. ನಮ್ಮ ಮೇಸ್ತ್ರಿಗಳಿಗೆ ಅಡಿ, ಇಂಚಿನ ಲೆಕ್ಕ ಸಲೀಸು ಅಂತ ಹಾಗೇ ಬದಲಾಯಿಸಿ ಕೊಟ್ಟಿದ್ದೇನೆ.

ಕಾನೂನಿನ ಮಾತು ಚುಟುಕಾಗಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಗಾಲಿಕುರ್ಚಿ ನೆನಪಾಗುವ ವೈಕಲ್ಯಗಳು ಅದರಲ್ಲಿ ಕೆಲವು ಮಾತ್ರ. ಆಟಿಸಂ, ಕಲಿಕೆಯ ತೊಂದರೆ, ಮಂದದೃಷ್ಟಿ, ಮಾತಿನ ತೊಂದರೆ ಎಲ್ಲವೂ ಪಟ್ಟಿಯಲ್ಲಿವೆ. ಜನ ಬಂದುಹೋಗುವ ಕಟ್ಟಡ ಖಾಸಗಿಯದಾದರೂ ಈ ಕಾಯ್ದೆ ಬಿಡುವುದಿಲ್ಲ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಾಜೀವ್ ರಟೂರಿ ಪ್ರಕರಣದಲ್ಲಿ, ಇಂಥ ಮಾನದಂಡಗಳು ಬರೀ ಸಲಹೆಯಾಗಿ ಉಳಿದರೆ ಆಗದು, ಕಡ್ಡಾಯ ನಿಯಮಗಳೇ ಬೇಕು ಎಂದಿದೆ. ಆದ್ದರಿಂದ "ನಮ್ಮದು ಚಿಕ್ಕದು, ನಮಗ್ಯಾಕೆ?" ಅನ್ನುವ ಮಾತು ಬೇಡ.

ಹಂತ 1: ಮೇಸ್ತ್ರಿಗಿಂತ ಮೊದಲು ಮಕ್ಕಳನ್ನು ಕರೆಸಿ

ನಕ್ಷೆ ಬರೆಸುವ ಮೊದಲೇ ಬೇರೆ ಬೇರೆ ಬಗೆಯ ತೊಂದರೆ ಇರುವ ನಾಲ್ಕಾರು ಮಕ್ಕಳನ್ನು, ಅವರ ಅಪ್ಪ ಅಮ್ಮಂದಿರನ್ನು ಆ ಜಾಗಕ್ಕೆ ಕರೆಸಿ. ಸುಮ್ನೆ ಓಡಾಡಲು ಬಿಡಿ. ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಯಾರಾದರೂ ಎತ್ತಿಕೊಳ್ಳಬೇಕಾಗುತ್ತದೆ, ಬರೆದುಕೊಳ್ಳಿ.

ಅವರನ್ನು ಹುಡುಕುವುದು ಕಷ್ಟವಲ್ಲ. ಪ್ರತಿ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ಅಂದರೆ ಜನ ಬಿಆರ್‌ಸಿ ಅನ್ನುವ ಕಚೇರಿಯಲ್ಲಿ, ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿಯೇ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಯಾವ ಶಾಲೆಯಲ್ಲಿ ಯಾವ ಮಗು ಇದೆ ಎಂಬುದು ಅವರಿಗೆ ಗೊತ್ತು. ಹಳ್ಳಿಗಳಲ್ಲಾದರೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಎಲ್ಲರೂ ವಿಆರ್‌ಡಬ್ಲ್ಯೂ ಎಂದೇ ಕರೆಯುತ್ತಾರೆ. ಜಿಲ್ಲಾ ಕೇಂದ್ರದಲ್ಲಿ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿ ಇದೆ.

ಎಚ್ಚರಿಕೆ: ಗಾಲಿಕುರ್ಚಿಯ ಒಬ್ಬರನ್ನು ಕರೆಸಿ, ಫೋಟೊ ತೆಗೆಸಿ, "ಎಲ್ಲರನ್ನೂ ಕೇಳಿದ್ದೇವೆ" ಅನ್ನಬೇಡಿ. ಕಣ್ಣು ಕಾಣದವರಿಗೆ ಅನುಕೂಲವಾದದ್ದು ಗಾಲಿಕುರ್ಚಿಗೆ ಅಡ್ಡಿಯಾಗುವುದೂ ಉಂಟು. ಇಬ್ಬರೂ ಒಟ್ಟಿಗೆ ಇದ್ದರೇ ಅದು ಗೊತ್ತಾಗುವುದು.

ಹಂತ 2: ಗೇಟಿನಿಂದ ಬಾಗಿಲಿನ ತನಕ

ಆಟೋ, ಶಾಲಾ ವ್ಯಾನು ಬಾಗಿಲ ಹತ್ತಿರ ಬಂದು ನಿಲ್ಲುವಂತಿರಬೇಕು. ಒಂದು ಪಾರ್ಕಿಂಗ್ ಜಾಗ 12 ಅಡಿ ಅಗಲ ಇರಲಿ. ಕಾರಿನ ಬಾಗಿಲು ಪೂರ್ತಿ ತೆರೆದು ಪಕ್ಕಕ್ಕೆ ಗಾಲಿಕುರ್ಚಿ ತರಲು ಅಷ್ಟು ಬೇಕು. ಗೇಟಿನಿಂದ ಬಾಗಿಲಿಗೆ ಜಲ್ಲಿ ಹಾಸಿದ್ದರೆ ತೆಗೆಸಿ. ಜಲ್ಲಿಯ ಮೇಲೆ ಗಾಲಿ ಉರುಳುವುದಿಲ್ಲ, ಊರುಗೋಲು ನಿಲ್ಲುವುದಿಲ್ಲ.

ಈಗ ರ‍್ಯಾಂಪ್. ನಿಯಮ 1:12. ಮೇಸ್ತ್ರಿಗೆ ಹೀಗೆ ಹೇಳಿ: ಒಂದು ಇಂಚು ಏರಿಕೆಗೆ ಒಂದು ಅಡಿ ಉದ್ದ. ಆರು ಇಂಚಿನ ಮೂರು ಮೆಟ್ಟಿಲು ಅಂದರೆ 18 ಇಂಚು, ಅಂದರೆ 18 ಅಡಿ ಉದ್ದದ ರ‍್ಯಾಂಪ್. ಅಷ್ಟು ಜಾಗ ಇಲ್ಲ ಎಂದು ಮೇಸ್ತ್ರಿ ಎಂಟು ಅಡಿಗೇ ಮುಗಿಸಲು ನೋಡುತ್ತಾರೆ. ಒಪ್ಪಬೇಡಿ. ಅದು ಬೈಕ್ ಹತ್ತಿಸಲು ಸರಿ, ಮಗುವನ್ನು ಕೂರಿಸಿಕೊಂಡು ತಳ್ಳುವ ತಾಯಿಗೆ ಅಪಾಯ. ಜಾಗ ಕಡಿಮೆ ಇದ್ದರೆ ಮಧ್ಯದಲ್ಲಿ ತಿರುಗಿಸಿ, ತಿರುವಿನಲ್ಲಿ 5 ಅಡಿಗೆ 5 ಅಡಿ ಸಮತಟ್ಟು ಬಿಡಿ. ಬಾಗಿಲ ಮುಂದೆಯೂ ಅಷ್ಟೇ ಸಮತಟ್ಟು ಬೇಕು. ಇಲ್ಲದಿದ್ದರೆ ಬಾಗಿಲು ತೆರೆಯುವಷ್ಟರಲ್ಲಿ ಕುರ್ಚಿ ಹಿಂದಕ್ಕೆ ಜಾರುತ್ತದೆ. ಅಗಲ 4 ಅಡಿ. ಎರಡೂ ಬದಿಗೆ ಹಿಡಿಕೆ ಕಂಬಿ, ಎರಡು ಎತ್ತರದಲ್ಲಿ: ದೊಡ್ಡವರಿಗೆ 3 ಅಡಿಯಲ್ಲಿ, ಮಕ್ಕಳಿಗೆ ಎರಡೂವರೆ ಅಡಿಯಲ್ಲಿ. ಗಾಲಿ ಜಾರಿ ಕೆಳಗಿಳಿಯದಂತೆ ಅಂಚಿನುದ್ದಕ್ಕೂ ಮೂರು ಇಂಚಿನ ಕಟ್ಟೆ ಇರಲಿ.

ಇನ್ನು ಮಳೆ. ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆಯವರಿಗೆ ನಾನು ಹೇಳಬೇಕಾಗಿಯೇ ಇಲ್ಲ. ಜೂನ್ ಕಳೆಯುವಷ್ಟರಲ್ಲಿ ಬಯಲಿನ ಸಿಮೆಂಟು ಹಸಿರಾಗಿರುತ್ತದೆ. ಪಾಚಿ ಕಟ್ಟಿದ ರ‍್ಯಾಂಪ್ ಮೆಟ್ಟಿಲಿಗಿಂತ ಕೆಟ್ಟದ್ದು. ರ‍್ಯಾಂಪಿನ ಮೇಲೆ ಶೀಟು ಹೊದಿಸಿ. ಗಾರೆ ಹಸಿ ಇರುವಾಗಲೇ ಗಟ್ಟಿ ಪೊರಕೆಯಿಂದ ಅಡ್ಡಡ್ಡ ಗೀರು ಹಾಕಿಸಿ. ಪಾಲಿಶ್ ಮಾಡಿದ ಗ್ರಾನೈಟು, ನುಣುಪು ಕಡಪ ಕಲ್ಲು ಬೇಡವೇ ಬೇಡ, ದಾನಿಗಳು ಬಿಟ್ಟಿ ಕೊಟ್ಟರೂ ಬೇಡ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಉಜ್ಜಿ ತೊಳೆಯುವ ಕೆಲಸ ಯಾರದು ಎಂದು ಹೆಸರು ಬರೆದು ಗೋಡೆಗೆ ಹಚ್ಚಿ.

ಹಳೇ ಮನೆಗಳಲ್ಲಿ ಇನ್ನೊಂದು ತೊಡಕು ಹೊಸ್ತಿಲು. ಜಗಲಿಯ ತನಕ ರ‍್ಯಾಂಪ್ ಬಂದರೂ ನಾಲ್ಕು ಇಂಚಿನ ಮರದ ಹೊಸ್ತಿಲು ಅಡ್ಡ ನಿಲ್ಲುತ್ತದೆ. ಪೂಜೆ ಮಾಡುವ ಹೊಸ್ತಿಲನ್ನು ಕೊಯ್ಯಿಸಿ ಅಂದರೆ ಮನೆಯವರು ಖಂಡಿತ ಒಪ್ಪುವುದಿಲ್ಲ, ಕೊಯ್ಯಿಸುವುದೂ ಬೇಕಿಲ್ಲ. ಬಡಗಿಯಿಂದ ಎರಡು ಮರದ ಇಳಿಜಾರು ಹಲಗೆ ಮಾಡಿಸಿ, ಹೊಸ್ತಿಲ ಆಚೆಗೊಂದು ಈಚೆಗೊಂದು, ತಲಾ 4 ಅಡಿ ಉದ್ದ. ಮೇಲೆ ಒರಟು ರಬ್ಬರ್ ಹಾಳೆ ಅಂಟಿಸಿ, ಕೆಳಗೆ ಅಲುಗಾಡದಂತೆ ಕೊಕ್ಕೆ ಹಾಕಿಸಿ. ಹಬ್ಬಕ್ಕೆ ತೆಗೆದಿಟ್ಟು ಪೂಜೆ ಮಾಡಬಹುದು. ಬಾಗಿಲಿನ ತೆರಪು 3 ಅಡಿ ಇದೆಯೇ ಅಳೆಯಿರಿ. ಹಳೇ ಜೋಡಿ ಬಾಗಿಲಿನಲ್ಲಿ ಒಂದೇ ಕದ ತೆರೆದಿಟ್ಟರೆ ಇಷ್ಟು ಸಿಗುವುದಿಲ್ಲ. ಎರಡನ್ನೂ ತೆರೆದೇ ಇಡಿ.

ನೆಲದಲ್ಲಿ ಹಳದಿ ಉಬ್ಬುಟೈಲ್ಸ್ ಹಾಕಿಸುವುದಾದರೆ ಅರ್ಥ ತಿಳಿದು ಹಾಕಿಸಿ. ಉದ್ದ ಪಟ್ಟಿಯ ಟೈಲ್ಸ್ ಅಂದರೆ "ಹೀಗೆ ನಡೆಯಿರಿ". ಚುಕ್ಕಿಯ ಟೈಲ್ಸ್ ಅಂದರೆ "ನಿಲ್ಲಿ, ಮುಂದೆ ಮೆಟ್ಟಿಲೋ ತಿರುವೋ ಇದೆ". ಅಂದಕ್ಕೆಂದು ಎರಡನ್ನೂ ಬೆರೆಸಿ ಹಾಕಿದರೆ ಕಣ್ಣು ಕಾಣದವರು ನೇರ ಕಂಬಕ್ಕೆ ಡಿಕ್ಕಿ ಹೊಡೆಯುತ್ತಾರೆ.

ಹಂತ 3: ಒಳಗಿನ ಓಡಾಟ

ಗಾಲಿಕುರ್ಚಿ ಪೂರ್ತಿ ತಿರುಗಲು 5 ಅಡಿ ವ್ಯಾಸದ ಖಾಲಿ ಜಾಗ ಬೇಕು. ಪ್ರತಿ ಕೋಣೆಯಲ್ಲೂ ಸೀಮೆಸುಣ್ಣದಲ್ಲಿ ಅಂಥ ವೃತ್ತ ಬರೆದು ನೋಡಿ. ಬರೆಯಲು ಜಾಗ ಇಲ್ಲವೆಂದರೆ ಸಾಮಾನು ಜಾಸ್ತಿಯಾಗಿದೆ ಎಂದರ್ಥ.

ಎತ್ತರದ ವಿಷಯಕ್ಕೆ ನೀವೇ ಗಾಲಿಕುರ್ಚಿಯಲ್ಲಿ ಕೂತು ಕೋಣೆ ಸುತ್ತಿ. ಮೇಜಿನ ಕೆಳಗೆ ಮೊಣಕಾಲು ಹೋಗಬೇಕು. ಅದಕ್ಕೆ 28 ಇಂಚು ತೆರಪು, ಮೇಲ್ಮೈ 30 ಇಂಚಿನ ಹತ್ತಿರ. ಒತ್ತುವ ಬಟನ್ನು, ಎಳೆಯುವ ಹಗ್ಗ, ತಿರುಗಿಸುವ ಹಿಡಿ ಯಾವುದೂ ನಾಲ್ಕು ಅಡಿಗಿಂತ ಮೇಲೆ ಬೇಡ. ಮಕ್ಕಳ ಜಾಗವಾದ್ದರಿಂದ ಮೂರು ಅಡಿ ಇನ್ನೂ ಒಳ್ಳೆಯದು. ಗೋಡೆಯಿಂದ ಮುಂದಕ್ಕೆ ಚಾಚಿಕೊಂಡ ಕಪಾಟು ಬಿಳಿಕೋಲಿಗೆ ಸಿಗುವುದಿಲ್ಲ, ಮುಖಕ್ಕೆ ತಗಲುತ್ತದೆ. ಅದರ ಕೆಳಗೆ ನೆಲದ ತನಕ ಏನಾದರೂ ಇರಲಿ, ಒಂದು ಕುಂಡವಾದರೂ ಸರಿ.

ಮಹಡಿ ಇದ್ದು ಲಿಫ್ಟ್ ಇಲ್ಲದಿದ್ದರೆ ಮುಖ್ಯ ವಸ್ತುಗಳೆಲ್ಲ ಕೆಳಗೇ ಇರಲಿ. ಮೇಲೆ ಕಚೇರಿ, ಉಗ್ರಾಣ ಮಾಡಿಕೊಳ್ಳಿ.

ಹಂತ 4: ಮುಟ್ಟುವ ಮೇಜು

ಖರ್ಚು, ತಲೆ ಎರಡನ್ನೂ ಜಾಸ್ತಿ ಹಾಕಬೇಕಾದದ್ದು ಇಲ್ಲಿ. ಬೇಲೂರು, ಹಳೇಬೀಡಿನ ದೇವಸ್ಥಾನಗಳಲ್ಲಿ ಮುಟ್ಟಬೇಡಿ ಎನ್ನುವುದು ನ್ಯಾಯ. ಅವು ಯುನೆಸ್ಕೊ ಪಟ್ಟಿಗೆ 2023ರಲ್ಲಿ ಸೇರಿದ ಸ್ಮಾರಕಗಳು, ಸವೆದರೆ ಮತ್ತೆ ಬರುವುದಿಲ್ಲ. ಮಕ್ಕಳ ಮ್ಯೂಸಿಯಂನಲ್ಲಿ ಆ ನೆಪ ಇಲ್ಲ. ಪ್ರತಿಕೃತಿ ಇಡಿ, ಸವೆದರೆ ಇನ್ನೊಂದು ಮಾಡಿಸಿ. ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದ 'ಅನುಭವ' ವಿಭಾಗದಲ್ಲಿ ಕಣ್ಣು ಕಾಣದವರು ಮುಟ್ಟಿ ನೋಡಲೆಂದೇ ಪ್ರತಿಕೃತಿಗಳಿವೆ. ನಮ್ಮ ಜಿಲ್ಲೆಗಳಲ್ಲಂತೂ ಮುಟ್ಟಿಸಲು ಬೇಕಾದಷ್ಟಿದೆ.

ಮೊದಲನೆಯದು ಬಳಪದ ಕಲ್ಲು. ಹೊಯ್ಸಳರು ಕೆತ್ತಿದ್ದು ಇದರಲ್ಲೇ. ಮೆತ್ತಗಿರುವ ಕಲ್ಲಾದ್ದರಿಂದಲೇ ಅಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯವಾಯಿತು. ಮೂರು ತುಂಡು ಸಾಲಾಗಿ ಇಡಿ: ಒರಟು ಕಲ್ಲು, ಅರ್ಧ ಕೆತ್ತಿದ್ದು, ಪೂರ್ತಿ ನಯ ಮಾಡಿದ್ದು. ಪಕ್ಕದಲ್ಲಿ ಅಷ್ಟೇ ದೊಡ್ಡ ಗ್ರಾನೈಟ್ ತುಂಡು. ಬೆರಳಾಡಿಸಿದ ಮಗುವಿಗೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ, ವಿವರಣೆ ಆಮೇಲೆ. ಕಡೆದ ಕಂಬದ ಚಿಕ್ಕ ಮಾದರಿ ಇದ್ದರೆ ಅದರ ಉಂಗುರಗಳನ್ನು ಎಣಿಸಲು ಹೇಳಿ.

ಎರಡನೆಯದು ದೇವಸ್ಥಾನದ ಜಗತಿಯ ಮಾದರಿ. ಜಗತಿ ಅಂದರೆ ಗುಡಿ ನಿಂತಿರುವ ಎತ್ತರದ ಕಟ್ಟೆ. ಬೇಲೂರಿನಲ್ಲಿ ಅದು ಗುಡಿಯ ನಕ್ಷತ್ರದಾಕಾರವನ್ನೇ ಅನುಸರಿಸಿ ಕೋನ ಕೋನವಾಗಿದೆ. ಅಂಗಳದಲ್ಲಿ ಎಷ್ಟು ಸುತ್ತಿದರೂ ಕಣ್ಣು ಕಾಣದ ಮಗುವಿಗೆ ಒಟ್ಟು ಆಕಾರ ಸಿಗುವುದಿಲ್ಲ. ಎರಡು ಅಡಿಯ ಮರದ ಮಾದರಿಯ ಅಂಚಿನಲ್ಲಿ ಬೆರಳು ಓಡಿಸಿದರೆ ಅರೆ ನಿಮಿಷದಲ್ಲಿ ಸಿಗುತ್ತದೆ. ಹಳೇಬೀಡಿನ ಗೋಡೆಯ ಸಾಲುಗಳನ್ನೂ ಉಬ್ಬುಚಿತ್ರವಾಗಿ ಮಾಡಿಸಬಹುದು, ತಳದಲ್ಲಿ ಆನೆಗಳು, ಅದರ ಮೇಲೆ ಸಿಂಹಗಳು. ಒಂದು ಸಾಲಿನಲ್ಲಿ ಎಂಟು ಹತ್ತು ಆನೆ ತುರುಕಬೇಡಿ. ಬೆರಳಿಗೆ ಮೂರು ದೊಡ್ಡ ಆನೆ ಸಾಕು. ಕಣ್ಣಿಗೆ ಚೆಂದ ಕಾಣುವ ಸೂಕ್ಷ್ಮ ಕೆತ್ತನೆ ಬೆರಳಿಗೆ ಬರೀ ಗೊಂದಲ.

ಚಿಕ್ಕಮಗಳೂರಿನವರಿಗೆ ಕಾಫಿ. ಒಣಗಿದ ಚೆರ್ರಿ, ಪಾರ್ಚ್‌ಮೆಂಟ್, ಹಸಿ ಬೀಜ, ಹುರಿದ ಬೀಜ, ಪುಡಿ. ಚೆರ್ರಿ ಅಂದರೆ ಹಣ್ಣನ್ನು ಸಿಪ್ಪೆಸಮೇತ ಒಣಗಿಸಿದ್ದು, ಪಾರ್ಚ್‌ಮೆಂಟ್ ಅಂದರೆ ಹಣ್ಣಿನ ಸಿಪ್ಪೆ, ಲೋಳೆ ತೆಗೆದು ಒಣಗಿಸಿದ, ಮೇಲೆ ತೆಳು ಹೊಟ್ಟು ಉಳಿದಿರುವ ಬೀಜ. ಕೈಗೆ ಒಂದೊಂದೂ ಬೇರೆ, ಅಲುಗಾಡಿಸಿದರೆ ಸದ್ದೂ ಬೇರೆ. ಹುರಿದದ್ದರ ಘಮ ಯಾರಿಗೂ ವಿವರಿಸಬೇಕಿಲ್ಲ. ಬಾಬಾಬುಡನ್ ಏಳು ಬೀಜ ತಂದ ಕಥೆ ಹೇಳುವಾಗ ಏಳೇ ಬೀಜವನ್ನು ಮಗುವಿನ ಅಂಗೈಗೆ ಹಾಕಿ ಎಣಿಸಲಿ. ನವೆಂಬರ್‌ನಿಂದ ಕುಯ್ಲಿನ ಕಾಲದಲ್ಲಿ ಗಿಡದ ರೆಂಬೆಯನ್ನೇ ಹಣ್ಣುಸಮೇತ ತಂದಿಡಬಹುದು.

ಹಾಸನದವರಿಗೆ ಇನ್ನೊಂದು ವಿಷಯ ಇದೆ. 1982ರಿಂದ ಊರಿನ ಅಂಚಿನಲ್ಲೇ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರ ಇದೆ, ಎಂಸಿಎಫ್ ಎಂದರೆ ಆಟೋದವರಿಗೂ ಗೊತ್ತು. ರೆಕ್ಕೆಯಂಥ ಸೌರಫಲಕ ಮಡಚಿ ಬಿಚ್ಚಬಹುದಾದ ಉಪಗ್ರಹದ ಮಾದರಿಯೊಂದನ್ನು ಮೇಜಿನ ಮೇಲಿಡಿ.

ಎಚ್ಚರಿಕೆ ಮೂರು. ಒಂದು, ಚಿಕ್ಕ ಮಕ್ಕಳು ಕಾಫಿ ಬೀಜ, ಮೆಣಸಿನ ಕಾಳನ್ನು ಮೂಗಿಗೆ, ಬಾಯಿಗೆ ಹಾಕಿಕೊಳ್ಳುತ್ತಾರೆ. ಅವರು ಬಂದಾಗ ತೂತಿನ ಮುಚ್ಚಳ ಬಿಗಿದ ಡಬ್ಬಿಯಲ್ಲೇ ಕೊಡಿ, ಪಕ್ಕದಲ್ಲಿ ಒಬ್ಬರು ನಿಂತಿರಲಿ. ಎರಡು, ಮಾದರಿಗಳನ್ನು ಮೇಜಿಗೆ ಸ್ಕ್ರೂ ಹಾಕಿ ಕೂರಿಸಿ. ಕೈ ನಡುಗುವ, ಸೆಳೆತ ಇರುವ ಮಗುವಿನ ಕಾಲ ಮೇಲೆ ಕಲ್ಲು ಬೀಳಬಾರದು. ಮೂರು, ಈ ಮೇಜನ್ನು "ವಿಶೇಷ ಮಕ್ಕಳ ವಿಭಾಗ" ಎಂದು ಮೂಲೆಗೆ ತಳ್ಳಬೇಡಿ. ನಡುಮನೆಯಲ್ಲಿಡಿ. ಎಲ್ಲ ಮಕ್ಕಳೂ ಅಲ್ಲೇ ಮುತ್ತಿಕೊಳ್ಳುತ್ತಾರೆ, ನೋಡಿ ಬೇಕಾದರೆ.

ಹಂತ 5: ಫಲಕ, ಬ್ರೈಲ್, ದನಿ

ಇಂಗ್ಲಿಷ್ ಫಲಕಕ್ಕೆಂದು ಕೊಟ್ಟ ಅಕ್ಷರದ ಗಾತ್ರವನ್ನೇ ಕನ್ನಡಕ್ಕೂ ಹಾಕಬೇಡಿ. ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಚಿಕ್ಕದಾಗಿ ಕೂರುತ್ತದೆ. ಮಂದದೃಷ್ಟಿಯ ಮಗುವಿಗೆ ಮೊದಲು ಕಳೆದುಹೋಗುವುದೇ ಅದು. ಗಾತ್ರ ದೊಡ್ಡದಿರಲಿ, ಸಾಲುಗಳ ನಡುವೆ ಜಾಗ ಧಾರಾಳ ಬಿಡಿ. ಅಲಂಕಾರದ ಅಕ್ಷರ ಬೇಡ. ತಿಳಿ ಹಿನ್ನೆಲೆಗೆ ಕಪ್ಪು ಅಥವಾ ಗಾಢ ನೀಲಿ ಬಣ್ಣ, ಹಿಂದೆ ಫೋಟೊ ಇರಕೂಡದು. ಫ್ಲೆಕ್ಸ್ ಅಂಗಡಿಯವರು ಹಿಂದೆ ಬೇಲೂರಿನ ಗೋಪುರ ಹಾಕಿ ಕೊಟ್ಟೇ ಕೊಡುತ್ತಾರೆ, ತೆಗೆಸಿ. ಮಿರುಗುವ ಲ್ಯಾಮಿನೇಷನ್ ಕೂಡ ಬೇಡ, ಬೆಳಕು ಬಿದ್ದರೆ ಏನೂ ಕಾಣುವುದಿಲ್ಲ. ಒಂದು ಫಲಕಕ್ಕೆ ನಾಲ್ಕೈದು ಚಿಕ್ಕ ವಾಕ್ಯ, ಜೊತೆಗೊಂದು ಚಿತ್ರ. ಬೌದ್ಧಿಕ ಬೆಳವಣಿಗೆ ನಿಧಾನವಿರುವ ಮಕ್ಕಳಿಗೂ, ಒಂದನೇ ಕ್ಲಾಸಿನವರಿಗೂ ಅದೇ ಸರಿಹೋಗುತ್ತದೆ.

ಬ್ರೈಲ್ ಅಂದರೆ ಆರು ಉಬ್ಬು ಚುಕ್ಕಿಗಳ ಲಿಪಿ. ಕನ್ನಡವನ್ನು ಭಾರತಿ ಬ್ರೈಲ್ ಪದ್ಧತಿಯಲ್ಲಿ ಬರೆಯುತ್ತಾರೆ. ಮೈಸೂರಿನ ತಿಲಕ್‌ನಗರದಲ್ಲಿ ಸರ್ಕಾರಿ ಬ್ರೈಲ್ ಮುದ್ರಣಾಲಯ ಇದೆ, ಅಲ್ಲಿ ವಿಚಾರಿಸಿ. ದಪ್ಪ ಕಾಗದದ ಬ್ರೈಲ್ ನಮ್ಮ ಮಳೆಗಾಲದ ತೇವಕ್ಕೆ ಮೆತ್ತಗಾಗುತ್ತದೆ, ಪ್ಲಾಸ್ಟಿಕ್ ಅಥವಾ ಲೋಹದ ತಗಡು ಬಾಳಿಕೆ ಬರುತ್ತದೆ. ಗೋಡೆಯ ಮೇಲೆ ಎತ್ತರದಲ್ಲಿ ಬೇಡ, ಮೇಜಿನ ಅಂಚಿನಲ್ಲಿ ಸ್ವಲ್ಪ ಓರೆಯಾಗಿ ಇರಲಿ. ಅಂಟಿಸುವ ಮೊದಲು ಬ್ರೈಲ್ ಬಲ್ಲವರಿಂದ ಓದಿಸಲೇಬೇಕು. ತಲೆಕೆಳಗಾಗಿ ಅಂಟಿಸಿದ ಬ್ರೈಲ್, ಚುಕ್ಕಿಯನ್ನು ಬರೀ ಬಣ್ಣದಲ್ಲಿ ಅಚ್ಚು ಹಾಕಿದ "ಬ್ರೈಲ್" ನಾನು ಕಂಡಿದ್ದೇನೆ. ಮತ್ತೆ, ಕಣ್ಣಿನ ತೊಂದರೆ ಇರುವ ಎಲ್ಲ ಮಕ್ಕಳಿಗೂ ಬ್ರೈಲ್ ಬರುವುದಿಲ್ಲ. ಆದ್ದರಿಂದ ಬಟನ್ ಒತ್ತಿದರೆ ಒಂದು ನಿಮಿಷದ ವಿವರಣೆ ಕೇಳಿಸುವ ವ್ಯವಸ್ಥೆಯೂ ಇರಲಿ. ದನಿ ಊರಿನ ಹುಡುಗ ಹುಡುಗಿಯರದೇ ಆದರೆ ಚೆಂದ.

ಹಂತ 6: ಕಿವಿ ಕೇಳದ ಮಕ್ಕಳಿಗೆ

ಪ್ರತಿ ವಿಡಿಯೊಗೂ ಕನ್ನಡ ಅಕ್ಷರಸಾಲು ಹಾಕಿ. ಅಷ್ಟಕ್ಕೇ ನಿಲ್ಲಿಸಬೇಡಿ. ಹುಟ್ಟಿನಿಂದ ಕಿವಿ ಕೇಳದ ಅನೇಕ ಮಕ್ಕಳಿಗೆ ಓದು ನಿಧಾನ, ಸನ್ನೆ ಭಾಷೆಯೇ ಹತ್ತಿರ. ಮುಖ್ಯ ವಸ್ತುಗಳಿಗೆ ಭಾರತೀಯ ಸನ್ನೆ ಭಾಷೆಯ ಚಿಕ್ಕ ವಿಡಿಯೊ ಮಾಡಿಸಿ, ಕ್ಯೂಆರ್ ಕೋಡ್‌ನಲ್ಲಿ ಕೊಡಿ, ಒಂದು ಟ್ಯಾಬ್ ಅಲ್ಲೇ ಇಡಿ. ಎಲ್ಲರ ಬಳಿ ಫೋನ್ ಇರುವುದಿಲ್ಲ. ಗೈಡ್ ಕಿಟಕಿಗೆ ಬೆನ್ನು ಮಾಡಿ ನಿಂತರೆ ಮುಖ ಕಪ್ಪಾಗಿ ಕಾಣುತ್ತದೆ, ತುಟಿ ನೋಡಿ ತಿಳಿಯುವವರಿಗೆ ಮಾತು ತಪ್ಪುತ್ತದೆ. ಕರೆಂಟ್ ಹೋದಾಗಲೂ ಅದೇ ಕಥೆ, ತಾನೇ ಹೊತ್ತಿಕೊಳ್ಳುವ ತುರ್ತು ದೀಪ ಹಾಕಿಸಿ. ಬೆಂಕಿಯ ಸೈರನ್ ಜೊತೆ ಮಿನುಗುವ ದೀಪವೂ ಬೇಕು.

ಹಂತ 7: ಗದ್ದಲ ಸಹಿಸದ ಮಕ್ಕಳಿಗೆ

ಆಟಿಸಂ ಇರುವ ಮಗುವಿಗೆ ಸದ್ದು, ಬೆಳಕು, ಜನಜಂಗುಳಿ ನಮಗಿಂತ ಹತ್ತುಪಟ್ಟು ಹೊಡೆಯಬಹುದು. ಬರುವ ಮೊದಲೇ ಅಮ್ಮನ ಫೋನಿಗೆ ಹತ್ತು ಹನ್ನೆರಡು ಫೋಟೊಗಳ ಕಥೆ ಕಳಿಸಿ: ಇದು ಗೇಟು, ಇಲ್ಲಿ ಚಪ್ಪಲಿ ಬಿಡುತ್ತೇವೆ, ಇವರು ಟಿಕೆಟ್ ಕೊಡುವ ಅಕ್ಕ, ಇಲ್ಲಿ ಸದ್ದಾಗುತ್ತದೆ, ಇದು ಸುಮ್ಮನೆ ಕೂರುವ ಕೋಣೆ. ಮಗು ಮನೆಯಲ್ಲೇ ಎರಡು ಮೂರು ಸಲ ನೋಡಿಕೊಂಡು ಬರುತ್ತದೆ.

ಆ ಕೋಣೆ ದೊಡ್ಡದಿರಬೇಕಿಲ್ಲ. ಮಂದ ಬೆಳಕು, ಚಾಪೆ, ದಿಂಬು, ಬಾಗಿಲಿಗೆ ಪರದೆ ಇದ್ದರಾಯಿತು. ವಾರದಲ್ಲಿ ಒಂದು ಬೆಳಿಗ್ಗೆ ಸದ್ದಿನ ಯಂತ್ರಗಳನ್ನೆಲ್ಲ ಆಫ್ ಮಾಡಿ ಕಡಿಮೆ ಜನರನ್ನು ಮಾತ್ರ ಬಿಡಿ. ಮಿಣುಕುವ ಟ್ಯೂಬ್‌ಲೈಟ್ ಬದಲಿಸಿ. ಕೈ ಒಣಗಿಸುವ ಯಂತ್ರ ಇಟ್ಟವರು ದಯವಿಟ್ಟು ತೆಗೆಸಿ, ಬಟ್ಟೆ ಟವೆಲ್ ಸಾಕು. ಎಷ್ಟೋ ಮಕ್ಕಳು ಬೆದರಿ ಓಡುವುದು ಅದರ ಸದ್ದಿಗೇ.

ಹಂತ 8: ಶೌಚಾಲಯ

ಮ್ಯೂಸಿಯಂ ಎಷ್ಟೇ ಚೆನ್ನಾಗಿದ್ದರೂ ಶೌಚಾಲಯ ಸರಿಯಿಲ್ಲದಿದ್ದರೆ ತಾಯಂದಿರು ಬೆಳಗ್ಗೆಯಿಂದ ಮಗುವಿಗೆ ನೀರೇ ಕುಡಿಸದೆ ಕರೆತರುತ್ತಾರೆ. ಒಳ ಅಳತೆ 7 ಅಡಿಗಿಂತ ತುಸು ಉದ್ದ, ಆರೂವರೆ ಅಡಿ ಅಗಲ ಇರಲಿ. ಬಾಗಿಲು ಹೊರಕ್ಕೆ ತೆರೆಯಬೇಕು, ಇಲ್ಲವೇ ಜಾರುಬಾಗಿಲು. ಒಳಕ್ಕೆ ತೆರೆದರೆ, ಬಿದ್ದ ಮಗುವೇ ಬಾಗಿಲಿಗೆ ಅಡ್ಡವಾಗುತ್ತದೆ. ಕಮೋಡಿನ ಸೀಟು 18ರಿಂದ 19 ಇಂಚು, ಚಿಕ್ಕವರಿಗೆ ಕಾಲಿಡಲು ಒಂದು ಮಣೆ. ಪಕ್ಕದಲ್ಲಿ ಗಟ್ಟಿ ಹಿಡಿಕೆ ಕಂಬಿ. ಟವೆಲ್ ಹಾಕುವ ರಾಡು ಅಲ್ಲ, ದೊಡ್ಡವರೊಬ್ಬರು ಪೂರ್ತಿ ಭಾರ ಬಿಟ್ಟು ಎಳೆದರೂ ಬರಬಾರದು. ತುರ್ತು ಗಂಟೆಯ ಹಗ್ಗ ನೆಲದ ಹತ್ತಿರದ ತನಕ ಇಳಿಯಲಿ. ಹತ್ತು ವರ್ಷದ ಮಗುವಿಗೂ ಡೈಪರ್ ಬದಲಿಸಬೇಕಾಗಬಹುದು, ಅಗಲವಾದ ಒಂದು ಬೆಂಚು ಹಾಕಿಸಿ.

ಎಚ್ಚರಿಕೆ: ಇಂಥ ಶೌಚಾಲಯ ಎರಡೇ ತಿಂಗಳಲ್ಲಿ ಪೊರಕೆ, ಬಕೆಟ್, ಮುರಿದ ಕುರ್ಚಿಗಳ ಗೋದಾಮಾಗುತ್ತದೆ. ಬೀಗ ಹಾಕಿ ಕೀಲಿ ಸಿಬ್ಬಂದಿಯ ಜೇಬಿಗೆ ಸೇರುತ್ತದೆ. ಪೊರಕೆಗೆ ಬೇರೆ ಕಪಾಟು ಮಾಡಿಸುವುದೇ ಇದಕ್ಕೆ ಮದ್ದು.

ಹಂತ 9: ಸಿಬ್ಬಂದಿ

ಅರ್ಧ ದಿನದ ತರಬೇತಿ ಸಾಕು, ಅದನ್ನು ಅಂಗವಿಕಲರೇ ಕೊಡಲಿ. ಕಲಿಯಬೇಕಾದದ್ದು ಇಷ್ಟು. "ಅಯ್ಯೋ ಪಾಪ" ಅನ್ನಬಾರದು. ಅಮ್ಮನನ್ನು ಕೇಳುವ ಬದಲು ಮಗುವನ್ನೇ ಮಾತಾಡಿಸಬೇಕು: "ನಿನ್ನ ಹೆಸರೇನು ಪುಟ್ಟಾ, ಏನು ನೋಡೋಣ?" ಕೇಳದೆ ಗಾಲಿಕುರ್ಚಿ ತಳ್ಳಬಾರದು. ಕಣ್ಣು ಕಾಣದ ಮಗುವಿನ ಕೈ ಹಿಡಿದು ಎಳೆಯಬಾರದು, ನಮ್ಮ ಮೊಣಕೈ ಹಿಡಿದುಕೊಳ್ಳಲು ಹೇಳಬೇಕು. ಜೊತೆಗೆ ಬಂದ ಒಬ್ಬರಿಗೆ ಟಿಕೆಟ್ ಬೇಡ. ಬಾಗಿಲಲ್ಲಿ ನಿಲ್ಲಿಸಿ ಯುಡಿಐಡಿ ಕಾರ್ಡ್ ತೋರಿಸಿ ಅನ್ನುವುದೂ ಬೇಡ. ಯುಡಿಐಡಿ ಅಂದರೆ ಸರ್ಕಾರ ಕೊಡುವ ಅಂಗವಿಕಲರ ಗುರುತಿನ ಚೀಟಿ. ಎಷ್ಟೋ ಮಕ್ಕಳಿಗೆ ಅದಿನ್ನೂ ಕೈಸೇರಿರುವುದಿಲ್ಲ.

ಹಂತ 10: ದುಡ್ಡು, ಪರೀಕ್ಷೆ, ಬಾಗಿಲು ತೆರೆಯುವುದು

ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಈ ಕ್ರಮ ಇಟ್ಟುಕೊಳ್ಳಿ: ಮೊದಲು ತರಬೇತಿ, ಫೋಟೊ ಕಥೆ, ಸಾಮಾನು ಸರಿಸಿ ದಾರಿ ಬಿಡುವುದು. ಇವಕ್ಕೆ ಖರ್ಚೇ ಇಲ್ಲ. ಆಮೇಲೆ ರ‍್ಯಾಂಪ್, ಶೌಚಾಲಯ. ನಂತರ ಮುಟ್ಟುವ ಮೇಜು, ಫಲಕ. ಟಚ್‌ಸ್ಕ್ರೀನ್ ಕೊನೆಗೆ, ಅಥವಾ ಇಲ್ಲದಿದ್ದರೂ ನಡೆಯುತ್ತದೆ. ಗ್ರಾಮ ಪಂಚಾಯಿತಿ, ನಗರಸಭೆಗಳು ಅನುದಾನದ ಶೇ 5ರಷ್ಟನ್ನು ಅಂಗವಿಕಲರಿಗಾಗಿ ಎತ್ತಿಡಬೇಕು. ಅದರಲ್ಲಿ ರ‍್ಯಾಂಪ್, ಶೌಚಾಲಯಕ್ಕೆ ಕೊಡಲು ಬರುತ್ತದೆಯೇ ಎಂದು ಲಿಖಿತ ಅರ್ಜಿ ಕೊಟ್ಟು ಕೇಳಿ. ಬಾಯಿಮಾತಿಗೆ ಉತ್ತರ ಬರುವುದಿಲ್ಲ.

ಉದ್ಘಾಟನೆಗೆ ಒಂದು ತಿಂಗಳು ಮೊದಲು, ಹಂತ 1ರಲ್ಲಿ ಬಂದ ಮಕ್ಕಳನ್ನೇ ಮತ್ತೆ ಕರೆಸಿ. ಮಳೆ ಬರುತ್ತಿದ್ದ ದಿನವಾದರೆ ಇನ್ನೂ ಒಳ್ಳೆಯದು. ಅವರು ಹೇಳಿದ್ದನ್ನು ಸರಿಪಡಿಸಲು ಆ ತಿಂಗಳು ಬೇಕಾಗುತ್ತದೆ, ಅತಿಥಿಗಳ ಪಟ್ಟಿಗಲ್ಲ.

ಕೊನೆಗೆ, ಹೊರಗಿನ ಬೋರ್ಡಿನಲ್ಲೂ ಗೂಗಲ್ ಮ್ಯಾಪ್‌ನಲ್ಲೂ ಇರುವುದನ್ನು ಇದ್ದ ಹಾಗೇ ಬರೆಯಿರಿ. ರ‍್ಯಾಂಪ್ ಇದೆ, ಗಾಲಿಕುರ್ಚಿ ಹೋಗುವ ಶೌಚಾಲಯ ಇದೆ, ಬ್ರೈಲ್ ಇದೆ. ಮಹಡಿಗೆ ಲಿಫ್ಟ್ ಇಲ್ಲ, ಸನ್ನೆ ಭಾಷೆ ಬಲ್ಲವರು ಶನಿವಾರ ಮಾತ್ರ ಇರುತ್ತಾರೆ ಎಂದಿದ್ದರೆ ಅದನ್ನೂ ಬರೆಯಿರಿ. ಜೊತೆಗೆ ಒಂದು ಫೋನ್ ನಂಬರ್ ಕೊಡಿ, ಕರೆ ಮಾಡಲಾಗದವರಿಗೆ ಅದರಲ್ಲೇ ವಾಟ್ಸ್ಆ್ಯಪ್ ಇರಲಿ. ಕಳಸದಿಂದಲೋ ಅರಕಲಗೂಡಿನಿಂದಲೋ ಎರಡು ಬಸ್ ಬದಲಿಸಿ ಬರುವವರು ಹೊರಡುವ ಮೊದಲೇ ವಿಚಾರಿಸಿಕೊಳ್ಳುತ್ತಾರೆ.